ಸಣ್ಣ ಊರಿನ ಭಯವೂ ಸಣ್ಣ ಸಂಖ್ಯೆಗಳ ಗಣಿತವೂ

ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವಣ ಕಿರಿದಾದ ನೆಲದ ಪಟ್ಟಿಯಲ್ಲಿ ಕುಮಟೆ, ಹೊನ್ನಾವರ, ಭಟ್ಕಳಗಳೆಂಬ ಮೂರು ಪಟ್ಟಣಗಳು ಒಂದೇ ಹೆದ್ದಾರಿಯಲ್ಲಿ ಪೋಣಿಸಿದಂತೆ ನಿಂತಿವೆ. ಇಲ್ಲಿನ ಅಂಗಡಿಯ ಜಗಲಿಗಳಲ್ಲಿ, ಬಸ್ಸಿನ ನಿಲ್ದಾಣಗಳಲ್ಲಿ, ಮದುವೆಯ ಚಪ್ಪರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಊರು ಮೊದಲಿನಂತಿಲ್ಲ, ಹೊಡೆದಾಟ, ಕೊಲೆಗಳು ಹೆಚ್ಚಾದುವು, ಗಾಂಜಾ ಕಾಲೇಜಿನ ಬಾಗಿಲಿಗೆ ಬಂದಿತು.’ ಇದು ಈ ಮೂರು ಊರುಗಳಿಗೆ ಮಾತ್ರ ಮೀಸಲಾದ ಮಾತಲ್ಲ. ನಾಡಿನ ಯಾವ ಸಣ್ಣ ಪಟ್ಟಣಕ್ಕೆ ಹೋದರೂ ಇದನ್ನೇ ಕೇಳಬಹುದು. ಆದರೆ ಈ ಕರಾವಳಿಗೆ ಇಂಥ ಭಯದ ಇತಿಹಾಸವೊಂದು ಇರುವುದರಿಂದ ಇಲ್ಲಿ ಅದರ ತೂಕ ಹೆಚ್ಚು.

ಭಯಪಡುವವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ರಾತ್ರಿಯ ಪಾಠ ಮುಗಿಸಿ ಒಬ್ಬಳೇ ಮನೆಗೆ ಬರತಕ್ಕ ಮಗಳಿಗಾಗಿ ಕಾಯುವ ತಾಯಿಗೆ ಗಣಿತದಿಂದ ಸಮಾಧಾನ ದೊರೆಯಲಾರದು. ಆದರೆ ‘ಹೆಚ್ಚಾಯಿತು’ ಎಂಬುದು ಅಳತೆಯ ಮಾತು. ಅಳತೆಯ ಮಾತನ್ನು ಅಳತೆಯ ಶಾಸ್ತ್ರದಿಂದಲೇ ಪರೀಕ್ಷಿಸಬೇಕಷ್ಟೆ. ಹೆಚ್ಚಾಯಿತೆಂದು ಹೇಳಲು ಎಷ್ಟು ಹೆಚ್ಚಬೇಕು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆಯ ಪ್ರಕರಣಗಳು 28,522. ಎಂದರೆ ಲಕ್ಷ ಜನರಿಗೆ ಸುಮಾರು 2. ನಮ್ಮ ಮೂರು ತಾಲ್ಲೂಕುಗಳಲ್ಲಿ 2011ರ ಜನಗಣತಿಯಂತೆ ಇದ್ದವರು ಒಟ್ಟು ಐದು ಲಕ್ಷಕ್ಕೆ ತುಸು ಕಡಮೆ. ಒಂದೊಂದರಲ್ಲಿಯೂ ಸುಮಾರು ಒಂದೂವರೆ ಲಕ್ಷ. ಇಂಥ ತಾಲ್ಲೂಕೊಂದು ದೇಶದ ಸರಾಸರಿಯಂತೆಯೇ ನಡೆದುಕೊಂಡರೆ ಅಲ್ಲಿ ವರ್ಷಕ್ಕೆ ಮೂರು ಕೊಲೆಗಳಾಗಬೇಕು. ಈ ಮೂರು ಎಂಬುದು ಪೊಲೀಸ್ ಠಾಣೆಯ ಪುಸ್ತಕದ ಅಂಕಿಯಲ್ಲ, ಲೆಕ್ಕಕ್ಕಾಗಿ ನಾವು ಹಿಡಿದ ಅಂಕಿ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಪ್ರಶ್ನೆ ಇಷ್ಟೆ: ಸರಾಸರಿ ಮೂರು ಇರುವ ಊರಿನಲ್ಲಿ ಪ್ರತಿವರ್ಷವೂ ಮೂರೇ ಆಗುವುವೇ?

ಇಲ್ಲ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಬಿಳಿಯ ಬಟ್ಟೆಯ ಮೇಲೆ ಗೆರೆಗಳನ್ನೆಳೆದು ಸಮನಾದ ನೂರು ಚೌಕಗಳನ್ನು ಮಾಡಿರಿ. ಮುನ್ನೂರು ಅಕ್ಕಿಕಾಳುಗಳನ್ನು ಎಣಿಸಿ, ಬಟ್ಟೆಯ ಮೇಲೆಲ್ಲ ಚದುರುವಂತೆ ನೋಡದೆಯೇ ಎರಚಿರಿ. ಚೌಕಕ್ಕೆ ಸರಾಸರಿ ಮೂರು ಕಾಳುಗಳಾದರೂ ಸರಿಯಾಗಿ ಮೂರೇ ಬಿದ್ದ ಚೌಕಗಳು ಇಪ್ಪತ್ತೆರಡರ ಆಸುಪಾಸಿನಲ್ಲಿ ಮಾತ್ರ ಇರುತ್ತವೆ. ನಾಲ್ಕೈದು ಚೌಕಗಳು ಬರಿದಾಗಿರುತ್ತವೆ. ಏಳೆಂಟು ಚೌಕಗಳಲ್ಲಿ ಆರು, ಏಳು, ಎಂಟು ಕಾಳುಗಳು ಗುಂಪುಗೂಡಿರುತ್ತವೆ. ಆ ಚೌಕಗಳಿಗೆ ಯಾವ ದೋಷವೂ ಇಲ್ಲ, ಬರಿದಾದ ಚೌಕಗಳಿಗೆ ಯಾವ ಪುಣ್ಯವೂ ಇಲ್ಲ. ಎರಚಿದ ಕೈ ಒಂದೇ.

ಈ ಹಂಚಿಕೆಯ ಸೂತ್ರವನ್ನು ಕೊಟ್ಟವನು ಫ್ರಾನ್ಸಿನ ಗಣಿತಜ್ಞನಾದ ಸಿಮೆಯೋಂ ದೆನಿ ಪ್ವಾಸೋಂ. ವಿಚಿತ್ರವೆಂದರೆ, 1837ರಲ್ಲಿ ಆತನು ಇದನ್ನು ಪ್ರಕಟಿಸಿದ ಗ್ರಂಥದ ವಿಷಯವೂ ನ್ಯಾಯಾಲಯಗಳೇ: ಅಪರಾಧ ಮತ್ತು ವ್ಯಾಜ್ಯಗಳ ತೀರ್ಪುಗಳಲ್ಲಿ ತಪ್ಪಾಗುವ ಸಂಭವವೆಷ್ಟು ಎಂಬುದು. ಈ ಸೂತ್ರದಂತೆ ಸರಾಸರಿ ಮೂರು ಇರುವಲ್ಲಿ ಒಂದೂ ಆಗದ ವರ್ಷ ಇಪ್ಪತ್ತಕ್ಕೊಂದು. ಆರು ಅಥವಾ ಅದಕ್ಕಿಂತ ಹೆಚ್ಚಾಗುವ ವರ್ಷ ಸುಮಾರು ಹನ್ನೆರಡಕ್ಕೊಂದು. ತಾಲ್ಲೂಕುಗಳು ಮೂರಾದುದರಿಂದ, ಅವುಗಳಲ್ಲಿ ಯಾವುದಾದರೊಂದರಲ್ಲಿ ಕೊಲೆಗಳು ‘ಇಮ್ಮಡಿ’ಯಾಗುವ ಸಂಭವ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಒದಗುತ್ತದೆ. ಊರು ಕೆಟ್ಟಿರಬೇಕಾಗಿಲ್ಲ, ಜನ ಬದಲಾಗಿರಬೇಕಾಗಿಲ್ಲ; ಆದರೂ ನಾಲ್ಕು ವರ್ಷಕ್ಕೊಮ್ಮೆ ಒಂದಲ್ಲ ಒಂದು ಪಟ್ಟಣದ ಪತ್ರಿಕೆಯಲ್ಲಿ ಆ ಸುದ್ದಿ ಬಂದೇ ಬರುತ್ತದೆ. ಬರಿದಾದ ವರ್ಷದ ಸುದ್ದಿಯನ್ನು ಮಾತ್ರ ಯಾರೂ ಅಚ್ಚು ಹಾಕುವುದಿಲ್ಲ!

ಭಯಗೊಂಡ ನಗರವೊಂದರಲ್ಲಿಯೇ ಈ ಲೆಕ್ಕವನ್ನು ಪರೀಕ್ಷಿಸಿದ ಪ್ರಸಂಗವಿದೆ. ಎರಡನೆಯ ಮಹಾಯುದ್ಧದಲ್ಲಿ, 1944ರಿಂದ, ಜರ್ಮನಿಯ ಹಾರುಬಾಂಬುಗಳು ಲಂಡನ್ನಿನ ಮೇಲೆ ಬಿದ್ದುವು. ಅವು ಕೆಲವು ಬಡಾವಣೆಗಳ ಮೇಲೆಯೇ ಗುಂಪುಗುಂಪಾಗಿ ಬೀಳುತ್ತಿವೆ ಎಂಬ ನಂಬಿಕೆ ಜನರಲ್ಲಿ ಹುಟ್ಟಿತು. ಆರ್. ಡಿ. ಕ್ಲಾರ್ಕ್ ಎಂಬ ವಿಮಾಗಣಿತಜ್ಞನು ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರುಗಳನ್ನು 576 ಚೌಕಗಳಾಗಿ ಭಾಗಿಸಿ, ಬಿದ್ದ 537 ಬಾಂಬುಗಳನ್ನು ಎಣಿಸಿ, 1946ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಒಂದೂ ಬೀಳದ ಚೌಕಗಳು 229. ಪ್ವಾಸೋಂ ಸೂತ್ರ ಹೇಳುವುದು 227. ಒಂದು ಬಿದ್ದವು 211; ಸೂತ್ರ ಹೇಳುವುದೂ 211. ಎರಡು ಬಿದ್ದವು 93. ಸೂತ್ರದಂತೆ 98 ಅಥವಾ 99. ನಾಲ್ಕು ಬಿದ್ದವು 7. ಸೂತ್ರವೂ 7 ಎನ್ನುತ್ತದೆ. ಎಂದರೆ ಜನರು ಕಂಡ ಗುಂಪುಗಳು ಕಣ್ಣಿಗೆ ನಿಜವಾಗಿಯೂ ಇದ್ದುವು. ಅವುಗಳ ಹಿಂದೆ ಗುರಿ ಮಾತ್ರ ಇರಲಿಲ್ಲ. ಅಕ್ಕಿಕಾಳಿನಂತೆಯೇ ಬಾಂಬು.

ಎಣಿಕೆಯ ಏರಿಳಿತವನ್ನು ಅಳೆಯಲು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಸುಲಭ ಸೂತ್ರವೊಂದಿದೆ. ಇಂಥ ಘಟನೆಗಳನ್ನು ಎಣಿಸಿದಾಗ ಬಂದ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ಸಹಜ. ಮೂರರ ವರ್ಗಮೂಲ ಸುಮಾರು 1.7, ಎಂದರೆ ಅರ್ಧಕ್ಕಿಂತ ಹೆಚ್ಚು. ಇಪ್ಪತ್ತೆಂಟೂವರೆ ಸಾವಿರದ ವರ್ಗಮೂಲ ಸುಮಾರು 169. ಎಂದರೆ ನೂರಕ್ಕೆ ಒಂದು ಭಾಗವೂ ಅಲ್ಲ. ಆದುದರಿಂದ ದೇಶದ ಲೆಕ್ಕ ನೂರಕ್ಕೆ ಐದರಷ್ಟು ಏರಿದರೆ ಅದಕ್ಕೆ ಕಾರಣ ಹುಡುಕಬೇಕು; ತಾಲ್ಲೂಕಿನ ಲೆಕ್ಕ ಒಂದು ವರ್ಷ ಇಮ್ಮಡಿಯಾದರೂ ಅದರಿಂದ ಏನನ್ನೂ ಹೇಳುವಂತಿಲ್ಲ. ಹಾಗಾದರೆ ಸಣ್ಣ ಊರಿನವರು ಎಂದಿಗೂ ಸತ್ಯ ತಿಳಿಯುವಂತಿಲ್ಲವೆ? ತಿಳಿಯಬಹುದು, ತಾಳ್ಮೆ ಬೇಕು. ಮೊದಲ ಐದು ವರ್ಷಗಳ ಮೊತ್ತ 15, ಮುಂದಿನ ಐದು ವರ್ಷಗಳ ಮೊತ್ತ 30 ಎಂದು ಭಾವಿಸೋಣ. ವ್ಯತ್ಯಾಸ 15, ಅದರಲ್ಲಿ ಸಹಜವಾದ ಏರಿಳಿತ 45ರ ವರ್ಗಮೂಲ, ಎಂದರೆ ಸುಮಾರು 7. ವ್ಯತ್ಯಾಸವು ಅದರ ಎರಡರಷ್ಟನ್ನು ಮೀರಿತು. ಈಗ ಸಂಶಯಕ್ಕೆ ಆಧಾರ ದೊರೆಯಿತು. ಮೂರು ತಾಲ್ಲೂಕುಗಳ ಮೊತ್ತವೂ ಹೀಗೆಯೇ ಇಮ್ಮಡಿಸಿದ್ದರೆ ಸಂಶಯವೇ ಉಳಿಯದು.

ಪ್ರಸಂಗವಶಾತ್ ಒಂದು ಮಾತು. ಈ ಶತಮಾನದ ಮೊದಲ ದಶಕದ ಬಾಂಬ್ ಸ್ಫೋಟಗಳ ಮೊಕದ್ದಮೆಗಳಲ್ಲಿ ಕೆಲವು ಆರೋಪಿಗಳ ಹೆಸರಿನೊಡನೆ ‘ಭಟ್ಕಳ’ ಎಂಬ ಊರಹೆಸರು ಅಂಟಿಕೊಂಡಿತು. ಬೆರಳೆಣಿಕೆಯಷ್ಟು ಜನರಿಂದ ಒಂದೂವರೆ ಲಕ್ಷ ಜನರ ಸ್ವಭಾವವನ್ನು ಊಹಿಸುವುದು ಮೇಲಿನ ತಪ್ಪಿನ ಇನ್ನೊಂದು ರೂಪ. ಕೆಲಸಕ್ಕಾಗಿ ಪರಸ್ಥಳಕ್ಕೆ ಹೋಗಿ ಮನೆ ಹುಡುಕುವ ಭಟ್ಕಳದ ತರುಣನು ಈ ತಪ್ಪಿಗೆ ಬಾಡಿಗೆ ತೆರಬೇಕಾಗುತ್ತದೆ.

ಇನ್ನು ಮಾದಕವಸ್ತುಗಳು. ಇಲ್ಲಿ ಸಂಖ್ಯೆಗಳ ಸ್ವಭಾವವೇ ಬೇರೆ. ಕೊಲೆಯಾದರೆ ಶವ ದೊರೆಯುತ್ತದೆ, ಬಂಧುಗಳು ದೂರು ಕೊಡುತ್ತಾರೆ. ಹೆಚ್ಚಿನವು ಲೆಕ್ಕಕ್ಕೆ ಬರುತ್ತವೆ. ಗಾಂಜಾ ಮಾರಿದವನೂ ದೂರು ಕೊಡುವುದಿಲ್ಲ, ಕೊಂಡವನೂ ಕೊಡುವುದಿಲ್ಲ. ಪೊಲೀಸರು ಹುಡುಕಿದರೆ ಮೊಕದ್ದಮೆ, ಹುಡುಕದಿದ್ದರೆ ಸೊನ್ನೆ. ಪ್ರಯೋಗಶಾಲೆಯಲ್ಲಿ ವಿಕಿರಣವನ್ನು ಎಣಿಸತಕ್ಕ ಗೈಗರ್ ನಳಿಕೆಯ ಕಿಟಕಿಯನ್ನು ಹಿಗ್ಗಿಸಿದರೆ ಎಣಿಕೆ ಹೆಚ್ಚುತ್ತದೆ. ಹಾಗೆಂದು ಮೂಲದ ವಿಕಿರಣ ಹೆಚ್ಚಿತೆಂದು ಯಾವ ವಿದ್ಯಾರ್ಥಿಯೂ ಬರೆಯಲಾರ. 1985ರ ಮಾದಕದ್ರವ್ಯಗಳ ಅಧಿನಿಯಮದ ಕೆಳಗೆ ದಾಖಲಾದ ಮೊಕದ್ದಮೆಗಳು ಒಂದು ವರ್ಷ ಮುಮ್ಮಡಿಯಾದರೆ ಊರಿನಲ್ಲಿ ಗಾಂಜಾ ಮುಮ್ಮಡಿಯಾಗಿರಬಹುದು, ಅಥವಾ ಹೊಸ ಅಧಿಕಾರಿ ಬಂದು ಕಿಟಕಿಯನ್ನು ಹಿಗ್ಗಿಸಿರಬಹುದು. ಮೊಕದ್ದಮೆಗಳ ಸಂಖ್ಯೆಯೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು. ಹಿಡಿದ ಮಾಲಿನ ತೂಕ ಸ್ವಲ್ಪ ಸಹಾಯ ಮಾಡುತ್ತದೆ. ಗಾಂಜಾದಲ್ಲಿ ಒಂದು ಕಿಲೋಗ್ರಾಮಿನವರೆಗೆ ಅಲ್ಪಪ್ರಮಾಣ, ಇಪ್ಪತ್ತನ್ನು ಮೀರಿದರೆ ವಾಣಿಜ್ಯ ಪ್ರಮಾಣ ಎಂದು ಕಾನೂನು ಭೇದ ಮಾಡಿದೆ. ಅಲ್ಪಪ್ರಮಾಣದ ಮೊಕದ್ದಮೆಗಳೇ ಹೆಚ್ಚಿದ್ದರೆ ಸೇದುವ ಹುಡುಗರು ಸಿಕ್ಕಿಬಿದ್ದರೆಂದು ತಿಳಿಯಬೇಕೇ ಹೊರತು ಸರಬರಾಜು ನಿಂತಿತೆಂದಲ್ಲ.

ಪೊಲೀಸರನ್ನೇ ಅವಲಂಬಿಸದ ಅಳತೆಯೊಂದು ಈಚೆಗೆ ಬಂದಿದೆ. 2005ರಲ್ಲಿ ಇಟಲಿಯ ವಿಜ್ಞಾನಿಗಳು ಪೋ ನದಿಯ ನೀರಿನಲ್ಲಿ, ಕೊಕೇನ್ ಸೇವಿಸಿದವರ ಮೂತ್ರದಿಂದ ಬರುವ ವಸ್ತುವನ್ನು ಅಳೆದು, ಆ ನದಿಯ ಬಯಲಿನವರು ದಿನಕ್ಕೆ ಸುಮಾರು ನಾಲ್ಕು ಕಿಲೋಗ್ರಾಂ ಸೇವಿಸುತ್ತಿದ್ದಾರೆಂದು ಲೆಕ್ಕ ಹಾಕಿದರು. ಅಧಿಕೃತ ಅಂದಾಜುಗಳಿಗಿಂತ ಅದು ಬಹಳ ಹೆಚ್ಚು. ಈಗ ಯುರೋಪಿನ ಅನೇಕ ನಗರಗಳ ಚರಂಡಿಯ ನೀರನ್ನು ಪ್ರತಿವರ್ಷ ಹೀಗೆ ಪರೀಕ್ಷಿಸುತ್ತಾರೆ. ಮನೆಗೊಂದು ಶೌಚಗುಂಡಿಯಿರುವ ಊರುಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಇಲ್ಲಿಯವರೆಗಿನ ಗಣಿತಕ್ಕೆಲ್ಲ ಆಧಾರವಾದ ಒಂದು ನಿಬಂಧನೆಯನ್ನು ನಾವು ಇನ್ನೂ ಹೇಳಿಲ್ಲ. ಒಂದು ಘಟನೆ ಇನ್ನೊಂದಕ್ಕೆ ಕಾರಣವಾಗಬಾರದು. ಒಂದು ಅಕ್ಕಿಕಾಳು ಬಿದ್ದುದರಿಂದ ಇನ್ನೊಂದು ಅದರ ಬಳಿಗೆ ಓಡಿಬರಬಾರದು. ರೇಡಿಯಮ್ಮಿನ ಪರಮಾಣುಗಳು ಹೀಗೆ ಒಂದರ ಅರಿವು ಇನ್ನೊಂದಕ್ಕಿಲ್ಲದೆ ಒಡೆಯುತ್ತವೆ. ಆದರೆ ಯುರೇನಿಯಮ್ಮಿನ ರಾಶಿಯಲ್ಲಿ ಒಂದು ಪರಮಾಣು ಒಡೆದಾಗ ಹೊಮ್ಮುವ ನ್ಯೂಟ್ರಾನುಗಳು ನೆರೆಯ ಪರಮಾಣುಗಳನ್ನು ಒಡೆಯುತ್ತವೆ. ಒಂದರಿಂದ ಸರಾಸರಿ ಒಂದಕ್ಕಿಂತ ಹೆಚ್ಚು ಹುಟ್ಟುವುದಾದರೆ ಸರಪಣಿ ಬೆಳೆಯುತ್ತ ಹೋಗುತ್ತದೆ. ಮನುಷ್ಯರ ಹಿಂಸೆ ಒಮ್ಮೊಮ್ಮೆ ರೇಡಿಯಂ, ಒಮ್ಮೊಮ್ಮೆ ಯುರೇನಿಯಂ.

ಈ ಕರಾವಳಿ ಎರಡನೆಯದನ್ನೂ ಕಂಡಿದೆ. 1993ರಲ್ಲಿ ಭಟ್ಕಳದಲ್ಲಿ ಆರಂಭವಾದ ಕೋಮುಗಲಭೆ ತಿಂಗಳುಗಟ್ಟಲೆ ಆರದೆ, ಹತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು; ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿಯವರ ಆಯೋಗ ಅದನ್ನು ವಿಚಾರಿಸಿತು. 1996ರ ಏಪ್ರಿಲ್ 10ರಂದು ಅಲ್ಲಿಯ ಶಾಸಕರಾದ ಡಾ. ಯು. ಚಿತ್ತರಂಜನ್ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ಇಂಥ ವರ್ಷಗಳ ಲೆಕ್ಕವನ್ನು ಪ್ವಾಸೋಂ ಸೂತ್ರದಿಂದ ತೂಗಿದರೆ ಅದು ಒಪ್ಪುವುದಿಲ್ಲ. ಒಪ್ಪದಿರುವುದೇ ಸರಪಣಿಯ ಗುರುತು.

ಸರಪಣಿಗೆ ನಿಜವಾದ ಕೊಲೆಯೇ ಬೇಕೆಂದಿಲ್ಲ. 2017ರ ಡಿಸೆಂಬರ್ 6ರಂದು, ಹೊನ್ನಾವರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆಯಾದ ದಿನ, ಹತ್ತೊಂಬತ್ತು ವರ್ಷದ ಯುವಕನೊಬ್ಬನು ಕಾಣೆಯಾದನು. 8ರಂದು ಅವನ ಶವ ಶೆಟ್ಟಿಕೆರೆಯಲ್ಲಿ ದೊರೆಯಿತು. ಅವನನ್ನು ಚಿತ್ರಹಿಂಸೆ ಮಾಡಿ ಕೊಂದರೆಂಬ ಸುದ್ದಿ ಒಡನೆಯೇ ಹಬ್ಬಿತು. ಹೊನ್ನಾವರ, ಕುಮಟೆ, ಶಿರಸಿಗಳಲ್ಲಿ ಗಲಭೆಗಳಾದುವು. ಡಿಸೆಂಬರ್ 11ರಂದು ಕುಮಟೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನವನ್ನೇ ಸುಟ್ಟರು.

ಸುದ್ದಿಯ ವೇಗವನ್ನು ಲೆಕ್ಕ ಹಾಕಿ ನೋಡೋಣ. ಕೇಳಿದ ಪ್ರತಿಯೊಬ್ಬನೂ ಹೊಸದಾಗಿ ಮೂವರಿಗೆ ಹೇಳುವನೆಂದರೆ ಮೊದಲನೆಯ ಸುತ್ತಿನಲ್ಲಿ 3, ಎರಡನೆಯದರಲ್ಲಿ 9, ಐದನೆಯದರಲ್ಲಿ 243, ಒಂಬತ್ತನೆಯ ಸುತ್ತಿನಲ್ಲಿ 19,683. ಹೊನ್ನಾವರ ಪಟ್ಟಣದ ಜನಸಂಖ್ಯೆ 2011ರಲ್ಲಿ ಸುಮಾರು 19 ಸಾವಿರ. ಕೇಳಿದವರೇ ಮತ್ತೆ ಕೇಳುವುದರಿಂದ ವಾಸ್ತವದಲ್ಲಿ ಸುತ್ತುಗಳು ಇನ್ನೂ ನಾಲ್ಕಾರು ಹೆಚ್ಚು ಬೇಕಾಗಬಹುದು. ಆದರೂ ಕೈಯಲ್ಲಿ ಮೊಬೈಲ್ ಇರುವ ಕಾಲದಲ್ಲಿ ಒಂದು ಸುತ್ತಿಗೆ ಕೆಲವು ನಿಮಿಷಗಳು ಸಾಕು.

ನ್ಯಾಯವೈದ್ಯಶಾಸ್ತ್ರದ ವೇಗ ಬೇರೆ. ನೀರಿನಲ್ಲಿ ಶವದ ತಲೆ ಕೆಳಮುಖವಾಗಿ ತೂಗುವುದರಿಂದ ರಕ್ತ ಅಲ್ಲಿ ಇಳಿದು ನಿಲ್ಲುತ್ತದೆ, ಕೊಳೆಯುವಿಕೆ ಮುಖದಲ್ಲಿಯೇ ಮೊದಲು ತೋರಿ, ಮುಖ ಊದಿ ಕಪ್ಪಾಗುತ್ತದೆ, ಚರ್ಮ ಸುಲಿಯುತ್ತದೆ. ಎರಡು ದಿನ ನೀರಿನಲ್ಲಿದ್ದ ದೇಹವನ್ನು ನೋಡಿದ ಸಾಮಾನ್ಯರಿಗೆ ಸುಟ್ಟಂತೆ, ಹೊಡೆದಂತೆ ಕಂಡರೆ ಆಶ್ಚರ್ಯವಿಲ್ಲ. ಜೀವಂತನಾಗಿ ಮುಳುಗಿದನೇ, ಸತ್ತ ಮೇಲೆ ಎಸೆದರೇ ಎಂಬ ಪ್ರಶ್ನೆಗೆ ವೈದ್ಯರು ಬಳಸುವ ಪರೀಕ್ಷೆಗಳಲ್ಲಿ ಡಯಾಟಂ ಎಂಬ ಸೂಕ್ಷ್ಮ ಪಾಚಿಯದು ಒಂದು. ಕೆರೆಯ ನೀರಿನಲ್ಲಿರುವ ಇವಕ್ಕೆ ಮರಳಿನ ದ್ರವ್ಯವಾದ ಸಿಲಿಕದ ಚಿಪ್ಪುಂಟು. ಮುಳುಗುವವನು ನೀರನ್ನು ಒಳಗೆಳೆದುಕೊಂಡಾಗ ಇವು ಶ್ವಾಸಕೋಶವನ್ನು ದಾಟಿ, ಇನ್ನೂ ಹರಿಯುತ್ತಿರುವ ರಕ್ತದೊಡನೆ ಮೂಳೆಯ ಮಜ್ಜೆಯವರೆಗೆ ಹೋಗುತ್ತವೆ. ಹೃದಯ ನಿಂತ ದೇಹದಲ್ಲಿ ಅವುಗಳನ್ನು ಒಯ್ಯುವವರಿಲ್ಲ. ಮಜ್ಜೆಯನ್ನು ಆಮ್ಲದಲ್ಲಿ ಕರಗಿಸಿದರೆ ಚಿಪ್ಪುಗಳು ಉಳಿಯುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕೆರೆಯ ನೀರಿನವುಗಳೊಡನೆ ಹೋಲಿಸಬೇಕು. ಮುಳುಗಿ ಸತ್ತವರಲ್ಲಿಯೂ ಕೆಲವೊಮ್ಮೆ ಇವು ದೊರೆಯವು. ಆದುದರಿಂದ ಇತರ ಚಿಹ್ನೆಗಳನ್ನೂ ಕೂಡಿಸಿ ತೀರ್ಮಾನಿಸಬೇಕು. ಇದೆಲ್ಲಕ್ಕೆ ದಿನಗಳು, ವಾರಗಳು ಬೇಕು.

ಹೊನ್ನಾವರದ ಪ್ರಕರಣದಲ್ಲಿ ವೈದ್ಯರ ಅಭಿಪ್ರಾಯವನ್ನು ಪೊಲೀಸರು ಕೆಲವೇ ದಿನಗಳಲ್ಲಿ ಹೊರಗಿಟ್ಟರು. ಆ ಹೊತ್ತಿಗೆ ಸುದ್ದಿ ಘಟ್ಟ ಹತ್ತಿ ಶಿರಸಿಯನ್ನು ಮುಟ್ಟಿತ್ತು. ತನಿಖೆ ಮುಂದೆ ಸಿ.ಬಿ.ಐ.ಗೆ ಹೋಯಿತು. ಸಾವು ನೀರಿನಲ್ಲಿ ಮುಳುಗಿ ಆಕಸ್ಮಿಕವಾಗಿ ಆದುದೆಂದು ಹೇಳುವ ಅದರ ವರದಿ ಹೊನ್ನಾವರದ ನ್ಯಾಯಾಲಯಕ್ಕೆ ಬಂದದ್ದು 2022ರ ಅಕ್ಟೋಬರಿನಲ್ಲಿ, ಶವ ದೊರೆತ ನಾಲ್ಕು ವರ್ಷ ಹತ್ತು ತಿಂಗಳುಗಳಿಗೆ.