ಹಳೆಯ ಕಾರಿನಲ್ಲಿ ಉಳಿಸಬೇಕಾದುದು ಯಾವುದು?

ನಮ್ಮ ಅನೇಕ ಕುಟುಂಬಗಳ ಶೆಡ್ಡಿನಲ್ಲಿ ಇಂದಿಗೂ ಒಂದು ಹಳೆಯ ಕಾರು ಟಾರ್ಪಾಲಿನ ಅಡಿಯಲ್ಲಿ ನಿಂತಿರುವುದುಂಟು. ಅದು ಹೆಚ್ಚಾಗಿ ಫಿಯಟ್, ಇಲ್ಲವೇ ಅಂಬಾಸಿಡರ್. ಅಜ್ಜ ಕೊಂಡದ್ದು, ಮದುವೆಯ ದಿಬ್ಬಣಕ್ಕೂ ನಡುರಾತ್ರಿಯ ಹೆರಿಗೆಗೂ ಓಡಿದ್ದು. ಗುಜರಿಗೆ ಹಾಕೋಣವೆಂದು ಒಬ್ಬ ಮಗ, ರಿಪೇರಿ ಮಾಡಿ ಉಳಿಸೋಣವೆಂದು ಇನ್ನೊಬ್ಬ. ಉಳಿಸುವುದೆಂದು ತೀರ್ಮಾನವಾದ ಮೇಲೂ ಒಂದು ಪ್ರಶ್ನೆ ಬಾಕಿಯಿರುತ್ತದೆ. ಉಳಿಸುವುದು ಎಂದರೆ ಏನು?

ಈ ಪ್ರಶ್ನೆ ಕಾರಿಗಿಂತ ಬಹಳ ಹಳೆಯದು. ಅಥೆನ್ಸಿನ ಜನರು ತಮ್ಮ ವೀರ ಥೀಸಿಯಸನ ಹಡಗನ್ನು ಕಾಪಾಡಿಕೊಂಡು ಬಂದರೆಂದೂ, ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸದನ್ನು ಜೋಡಿಸಿದರೆಂದೂ ಗ್ರೀಕ್ ಲೇಖಕ ಪ್ಲೂಟಾರ್ಕನು ಬರೆದಿದ್ದಾನೆ. ಅದು ಅದೇ ಹಡಗೋ, ಬೇರೊಂದೋ ಎಂಬುದು ತತ್ವಜ್ಞಾನಿಗಳ ಚರ್ಚೆಗೆ ವಸ್ತುವಾಯಿತು. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸನು ಇನ್ನೊಂದು ತೊಡಕನ್ನು ಸೇರಿಸಿದನು: ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಯಾರಾದರೂ ಕೂಡಿಟ್ಟು ಮತ್ತೊಂದು ಹಡಗು ಕಟ್ಟಿದರೆ, ಎರಡರಲ್ಲಿ ನಿಜವಾದುದು ಯಾವುದು? ವಸ್ತುವೆಂದರೆ ಕೇವಲ ದ್ರವ್ಯವಲ್ಲ, ದ್ರವ್ಯವು ಧರಿಸಿದ ರೂಪವೂ ಹೌದು ಎಂಬ ಅರಿಸ್ಟಾಟಲನ ವಿಚಾರ ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಸವೆದ ಭಾಗವನ್ನು ಬದಲಿಸಿದ ಮಾತ್ರಕ್ಕೆ ಕಾರು ಬೇರೆಯಾಗದು. ಆದರೆ ರೂಪವನ್ನೇ ಕೆಡಿಸಿದರೆ ಉಳಿಯುವುದು ಹೆಸರು ಮಾತ್ರ.

ಅಚ್ಚರಿಯೆಂದರೆ, ನಮ್ಮ ದೇಶದ ಕಾನೂನೂ ಇದೇ ಪ್ರಶ್ನೆಗೆ ಉತ್ತರ ನೀಡಲು ಯತ್ನಿಸಿದೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ದ್ವಿಚಕ್ರ ಮತ್ತು ಚತುಷ್ಚಕ್ರ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಚಾಸಿ, ಬಾಡಿ ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಂತಹ ವಾಹನವನ್ನು ನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. 1970ರ ದಶಕದ ಆರಂಭದ ಕಾರುಗಳು ಈಗ ಈ ವಯಸ್ಸನ್ನು ತಲುಪಿವೆ. ಆದುದರಿಂದ ಉತ್ಸಾಹದ ಭರದಲ್ಲಿ ಹಳೆಯ ಇಂಜಿನ್ನನ್ನು ಕಿತ್ತು ಬೇರೆ ಡೀಸೆಲ್ ಇಂಜಿನ್ ಕೂರಿಸುವವರು ಕಾರಿನ ಗುರುತಿನೊಡನೆ ಈ ಅವಕಾಶವನ್ನೂ ಕಳೆದುಕೊಳ್ಳುವ ಸಂಭವವಿದೆ.

ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ 1100 ಮಾದರಿಯಿಂದ ರೂಪುಗೊಂಡು ಮುಂದೆ 'ಪದ್ಮಿನಿ' ಎನಿಸಿದ ಕಾರಿನದು 1089 ಸಿ.ಸಿ. ಇಂಜಿನ್. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಅಂಬಾಸಿಡರ್‌ನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಇವುಗಳ ಹಳೆಯ ಮಾದರಿಗಳಲ್ಲಿ ಕಂಪ್ಯೂಟರ್ ಇಲ್ಲ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಕಾಂಟ್ಯಾಕ್ಟ್ ಪಾಯಿಂಟ್ ಇವೆಲ್ಲ ಕಣ್ಣಿಗೆ ಕಾಣುವ, ಸ್ಪಾನರಿಗೆ ನಿಲುಕುವ ವಸ್ತುಗಳು. ತಾಳ್ಮೆಯುಳ್ಳ ತಂದೆಮಕ್ಕಳು ಒಬ್ಬ ಹಿರಿಯ ಮೆಕ್ಯಾನಿಕರ ಸಲಹೆ ಪಡೆದು ಮನೆಯಲ್ಲಿಯೇ ಬಹಳಷ್ಟು ಕೆಲಸ ಮಾಡಲು ಸಾಧ್ಯವಿರುವುದು ಈ ಕಾರಣದಿಂದಲೇ.

ಮೊದಲ ಕೆಲಸ ಸ್ಪಾನರಿನದಲ್ಲ, ಲೇಖನಿಯದು. ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಬಿಚ್ಚಿದ ಬೋಲ್ಟುಗಳನ್ನು ಚೀಟಿ ಅಂಟಿಸಿದ ಡಬ್ಬಿಗಳಲ್ಲಿ ಇಡಬೇಕು. ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಬ್ಯಾಟರಿ ಜೋಡಿಸಿ ಒಮ್ಮೆಲೇ ಸ್ಟಾರ್ಟ್ ಮಾಡುವುದು ಸಲ್ಲದು. ಪ್ಲಗ್ಗುಗಳನ್ನು ಕಳಚಿ, ಸಿಲಿಂಡರುಗಳಿಗೆ ಸ್ವಲ್ಪ ತೆಳು ಎಣ್ಣೆ ಹಾಕಿ, ಕೆಲವು ದಿನ ಬಿಟ್ಟು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಒಳಗಿನ ತುಕ್ಕು ಸಡಿಲಗೊಳ್ಳುವ ಮುನ್ನ ಬಲಪ್ರಯೋಗ ಮಾಡಿದರೆ ಪಿಸ್ಟನ್ ರಿಂಗುಗಳು ಮುರಿಯಬಹುದು. ಟ್ಯಾಂಕಿನ ಹಳೆಯ ಪೆಟ್ರೋಲು ಅಂಟಾಗಿರುತ್ತದೆ. ಅದನ್ನು ತೆಗೆದು ಟ್ಯಾಂಕನ್ನೂ ಕಾರ್ಬ್ಯುರೇಟರಿನ ಜೆಟ್ಟುಗಳನ್ನೂ ತೊಳೆಯದೆ ಮುಂದುವರಿಯಬಾರದು.

ಈ ಎರಡೂ ಕಾರುಗಳಿಗೆ ಪ್ರತ್ಯೇಕವಾದ ಚಾಸಿ ಇಲ್ಲ. ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ಮಳೆಗಾಲದ ನೀರು ಮ್ಯಾಟಿನ ಕೆಳಗೆ ಇಳಿದು ನೆಲದ ತಗಡನ್ನು ತಿಂದಿದ್ದರೆ, ಅದು ಅಂದಗೆಟ್ಟ ವಿಷಯವಲ್ಲ, ಪ್ರಾಣದ ವಿಷಯ. ತುಕ್ಕಿನ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಯುವುದು ದುರಸ್ತಿಯಲ್ಲ, ಮರೆಮಾಚುವಿಕೆ. ಕೊಳೆತುದನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡಿಂಗ್ ಮಾಡಿಸಲೇಬೇಕು. ಹಾಗೆಯೇ ಬ್ರೇಕಿನ ರಬ್ಬರುಗಳು, ಹೋಸುಗಳು ಮತ್ತು ಟೈರುಗಳ ವಿಷಯದಲ್ಲಿ 'ಮೂಲ' ಎಂಬ ಮಮತೆ ಬೇಡ. ಹಳೆಯ ಬ್ರೇಕ್ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುವುದುಂಟು. ಆ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಬೇಕು, ಮಕ್ಕಳನ್ನು ದೂರವಿಡಬೇಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾರೂ ನುಸುಳಬಾರದು; ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ ಎಂಬುದನ್ನೂ ಮರೆಯಬಾರದು.

ಹಾಗಾದರೆ ಯಾವುದನ್ನು ಹಾಗೆಯೇ ಬಿಡಬೇಕು? ಹಳೆಯ ವಾಹನಗಳ ಸಂರಕ್ಷಣೆಗಾಗಿ 2012ರಲ್ಲಿ ಇಟಲಿಯ ಟೂರಿನ್ ನಗರದಲ್ಲಿ ಅಂಗೀಕೃತವಾದ ಸನ್ನದು, ಇದ್ದುದನ್ನು ಕಾಪಾಡುವುದಕ್ಕೆ ಮೊದಲ ಸ್ಥಾನ ನೀಡುತ್ತದೆ, ಬದಲಿಸಿದ್ದನ್ನು ದಾಖಲಿಸಬೇಕೆನ್ನುತ್ತದೆ. ಓಡಾಟಕ್ಕೆ ಅಪಾಯ ತರದ ಸವೆತವೆಲ್ಲ ಇತಿಹಾಸವೇ. ಅಜ್ಜನ ಕೈ ತಾಗಿ ನುಣುಪಾದ ಸ್ಟೇರಿಂಗ್, ಬಾಗಿಲಿನ ಮಾಸಿದ ಮೂಲ ಬಣ್ಣ, ಡ್ಯಾಶ್‌ಬೋರ್ಡಿನಲ್ಲಿ ಅಜ್ಜಿ ಅಂಟಿಸಿದ ಸಂತ ಕ್ರಿಸ್ತೋಫರರ ಪದಕ, ಇವನ್ನು ತೆಗೆದು ಹೊಸದನ್ನು ಹಾಕಿದರೆ ಕಾರು ಹೊಳೆಯಬಹುದು, ಆದರೆ ಅದು ಯಾರ ಮನೆಯ ಕಾರಾದರೂ ಆಗಿರಬಹುದು.

ಆದುದರಿಂದ ದುರಸ್ತಿಗೆ ಕೈಹಾಕುವ ಕುಟುಂಬಗಳಿಗೆ ನನ್ನ ವಿನಂತಿ ಇಷ್ಟೇ. ಜೀವಕ್ಕೆ ಸಂಬಂಧಿಸಿದುದನ್ನು ನಿರ್ದಾಕ್ಷಿಣ್ಯವಾಗಿ ಬದಲಿಸಿರಿ. ನೆನಪಿಗೆ ಸಂಬಂಧಿಸಿದುದನ್ನು ಸಾಧ್ಯವಿರುವಷ್ಟು ಮುಟ್ಟದಿರಿ. ಏನನ್ನು, ಯಾವಾಗ, ಏಕೆ ಬದಲಿಸಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆಗೆ ಇಡಿರಿ. ನಾಳೆ ಮೊಮ್ಮಗನೊಬ್ಬನು ಬಾನೆಟ್ಟು ಎತ್ತಿದಾಗ, ಅಜ್ಜನಿಂದ ಬಂದದ್ದು ಯಾವುದು, ತಂದೆ ಜೋಡಿಸಿದ್ದು ಯಾವುದು ಎಂದು ಅವನಿಗೆ ತಿಳಿಯಲಿ.