ಪಂಕ್ತಿಗೆ ಎಷ್ಟು ಎಲೆ ಹಾಕಬೇಕು?
ಸರ್ವರಿನ ಸಾಮರ್ಥ್ಯ ಅಳೆಯುವ ಸ್ಪ್ರೆಡ್‌ಶೀಟ್ ಹಾಳೆ. ಅದನ್ನು ಕಾಲಕಾಲಕ್ಕೆ ತಿದ್ದದಿದ್ದರೆ ಆಗುವ ಅನಾಹುತ

ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ. ನಿಗದಿತ ಗಂಟೆ ಆಗುತ್ತಿದ್ದಂತೆ ಲಕ್ಷಾಂತರ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚು ಆತಂಕದಲ್ಲಿರುವ ಅವರ ತಂದೆತಾಯಿಗಳು ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ಕೆಲವರಿಗೆ ಅಂಕಪಟ್ಟಿ ಕ್ಷಣದಲ್ಲಿ ಕಾಣಿಸುತ್ತದೆ. ಇನ್ನು ಕೆಲವರ ಪರದೆಯ ಮೇಲೆ ಬರಿಯ ಚಕ್ರ ತಿರುಗುತ್ತಿರುತ್ತದೆ. ‘ಸರ್ವರ್ ಡೌನ್ ಆಗಿದೆ’ ಎಂಬ ಮಾತು ಮನೆಮನೆಗೂ ಪರಿಚಿತ.

ಆದರೆ ಸರ್ವರ್ ‘ಬಿದ್ದಿದೆ’ ಎಂದರೆ ಯಂತ್ರ ಕೆಟ್ಟಿದೆ ಎಂದೇ ಅರ್ಥವಲ್ಲ. ಅನೇಕ ಸಲ ಯಂತ್ರ ಚೆನ್ನಾಗಿಯೇ ಇರುತ್ತದೆ. ಒಂದೇ ಹೊತ್ತಿಗೆ ಎಷ್ಟು ಜನರನ್ನು ಒಳಗೆ ಬಿಡಬೇಕು ಎಂಬ ಲೆಕ್ಕ ತಪ್ಪಿರುತ್ತದೆ. ಈ ಲೆಕ್ಕ ಮಾಡಲು ಜಾಲದ ತಂತ್ರಜ್ಞರು ಬಳಸುವ ಸಾಧನಗಳಲ್ಲಿ ಒಂದು ಯಾವುದು ಗೊತ್ತೆ? ಕಂಪ್ಯೂಟರ್ ತರಗತಿಯ ಮೊದಲ ತಿಂಗಳುಗಳಲ್ಲೇ ಕಲಿಸುವ ಸ್ಪ್ರೆಡ್‌ಶೀಟ್!

ಊಟದ ಮನೆಯ ಲೆಕ್ಕ

ಮದುವೆಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಊಟದ ಹಾಲಿನಲ್ಲಿ 125 ಎಲೆ ಹಾಕುವಷ್ಟು ಜಾಗವಿದೆ ಎನ್ನೋಣ. ಬಂದವರೆಲ್ಲ ಕೂರಲಿ ಎಂದು 256 ಎಲೆ ಹಾಕಿದರೆ ಗತಿಯೇನು? ಬಡಿಸುವವರಿಗೆ ಕಾಲಿಡಲು ಜಾಗವಿರದು. ಸಾಂಬಾರು ಒಬ್ಬರಿಗೂ ಸರಿಯಾಗಿ ಮುಟ್ಟದು. 125 ಜನರಾದರೂ ನೆಮ್ಮದಿಯಾಗಿ ಉಣ್ಣಬಹುದಾಗಿದ್ದ ಜಾಗದಲ್ಲಿ ಯಾರಿಗೂ ಊಟವಿಲ್ಲ ಎಂಬಂತಾಗುತ್ತದೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾಯಿಸಿ ಎರಡನೆಯ ಪಂಕ್ತಿಗೆ ಕರೆಯುವುದೇ ಜಾಣತನ.

ಸರ್ವರಿನ ಕಥೆಯೂ ಇದೇ. 1995ರಲ್ಲಿ ಹೊರಬಂದು ಇಂದಿಗೂ ಬಳಕೆಯಲ್ಲಿರುವ ಅಪಾಚೆ ಎಂಬ ಉಚಿತ ವೆಬ್ ಸರ್ವರನ್ನು ತೆಗೆದುಕೊಳ್ಳಿ. ಅದರ ‘ಪ್ರಿಫೋರ್ಕ್’ ಎಂಬ ಹಳೆಯ ಕಾರ್ಯವಿಧಾನದಲ್ಲಿ ಒಳಬಂದ ಪ್ರತಿ ಕೋರಿಕೆಗೂ ಒಂದೊಂದು ‘ಪ್ರೊಸೆಸ್’ ಮೀಸಲಾಗಿರುತ್ತದೆ. ಪ್ರತಿ ಪ್ರೊಸೆಸ್ಸಿಗೂ ಒಂದಿಷ್ಟು ಮೆಮೊರಿ ಬೇಕು. ಇಂಥ ಪ್ರೊಸೆಸ್ಸುಗಳು ಗರಿಷ್ಠ ಎಷ್ಟಿರಬಹುದು ಎಂದು ಸಂರಚನಾ ಕಡತದಲ್ಲಿ ಬರೆದಿಡಬೇಕು. ಏನೂ ಬರೆಯದಿದ್ದರೆ ಅಪಾಚೆ 256 ಎಂದು ಇಟ್ಟುಕೊಳ್ಳುತ್ತದೆ.

ಈಗ ಒಂದು ಉದಾಹರಣೆ. ಸರ್ವರಿನ ಮೆಮೊರಿ 8192 ಎಂಬಿ. ಕಾರ್ಯಾಚರಣಾ ವ್ಯವಸ್ಥೆಗೆ ಹಾಗೂ ದತ್ತಾಂಶ ಕೋಶಕ್ಕೆ 3192 ಎಂಬಿ ತೆಗೆದಿಟ್ಟರೆ ಉಳಿಯುವುದು 5000. ಅಳೆದು ನೋಡಿದಾಗ ಒಂದೊಂದು ಪ್ರೊಸೆಸ್ 40 ಎಂಬಿ ತಿನ್ನುತ್ತಿದೆ. 5000ವನ್ನು 40ರಿಂದ ಭಾಗಿಸಿದರೆ 125. ಅಷ್ಟೇ ಎಲೆ! ಮಿತಿಯನ್ನು 256ರಲ್ಲೇ ಬಿಟ್ಟರೆ ಜನ ನುಗ್ಗಿದಾಗ ಬೇಕಾಗುವ ಮೆಮೊರಿ 10,240 ಎಂಬಿ. ಅಷ್ಟು ಇಲ್ಲವಲ್ಲ! ಆಗ ಯಂತ್ರ ತನ್ನ ಹಾರ್ಡ್ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ಡಿಸ್ಕು ಮೆಮೊರಿಗಿಂತ ಬಹಳ ನಿಧಾನ. ಪ್ರತಿ ಎಲೆಗೆ ಅನ್ನ ಬಡಿಸಲು ಪಕ್ಕದ ಬೀದಿಯ ಮನೆಗೆ ಓಡಿದಂತೆ. ಫಲಿತಾಂಶದ ಪುಟ ನಿಲ್ಲುವುದು ಇಲ್ಲಿ.

ಈ ಭಾಗಾಕಾರಕ್ಕೆ ಸ್ಪ್ರೆಡ್‌ಶೀಟ್ ಏಕೆ ಎಂದು ಯಾರಾದರೂ ಕೇಳಬಹುದು. ಒಂದೇ ಲೆಕ್ಕವಾದರೆ ಬೇಡ. ಆದರೆ ಮೆಮೊರಿ ಹೆಚ್ಚಿಸಿದರೆ ಏನು, ಪ್ರೊಸೆಸ್ಸಿನ ಗಾತ್ರ 60 ಎಂಬಿ ಆದರೆ ಏನು ಎಂದು ಹತ್ತಾರು ‘ಆದರೆ’ಗಳನ್ನು ಕೇಳಿ ನೋಡಬೇಕಾದಾಗ ಸ್ಪ್ರೆಡ್‌ಶೀಟಿಗೆ ಸಾಟಿಯಿಲ್ಲ. ಅದು ಹುಟ್ಟಿದ್ದೇ ಇದಕ್ಕಾಗಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್, ಒಂದು ಅಂಕಿ ಬದಲಾದರೆ ಕೋಷ್ಟಕವನ್ನೆಲ್ಲ ಅಳಿಸಿ ಬರೆಯುವ ಗೋಳಿನಿಂದ ಪಾರಾಗುವ ಯೋಚನೆ ಮಾಡಿದರು. ಗೆಳೆಯ ಬಾಬ್ ಫ್ರ್ಯಾಂಕ್‌ಸ್ಟನ್ ಜೊತೆಗೂಡಿ ಅವರು ರೂಪಿಸಿದ ‘ವಿಸಿಕ್ಯಾಲ್ಕ್’ 1979ರಲ್ಲಿ ಆ್ಯಪಲ್-2 ಗಣಕಕ್ಕಾಗಿ ಮಾರುಕಟ್ಟೆಗೆ ಬಂತು.

ಊಟವಾದರೂ ಏಳದ ಅತಿಥಿ

ಎಲೆಗಳ ಸಂಖ್ಯೆ ಗೊತ್ತಾಯಿತು. ಗಂಟೆಗೆ ಎಷ್ಟು ಜನ ಉಂಡೇಳಬಹುದು? ಅದು ಒಬ್ಬೊಬ್ಬರು ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಅವಲಂಬಿಸಿದೆ. ಒಳಗಿರುವವರ ಸರಾಸರಿ ಸಂಖ್ಯೆ = ಬರುವವರ ವೇಗ × ಪ್ರತಿಯೊಬ್ಬರೂ ಒಳಗಿರುವ ಸರಾಸರಿ ಸಮಯ. ಅಮೆರಿಕದ ಜಾನ್ ಲಿಟಲ್ ಇದನ್ನು ಗಣಿತದ ಮೂಲಕ ಸಾಧಿಸಿ 1961ರಲ್ಲಿ ಪ್ರಕಟಿಸಿದರು. ಬ್ಯಾಂಕಿನ ಸರತಿ ಸಾಲಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಸರ್ವರಿಗೂ ಅನ್ವಯಿಸುವ ‘ಲಿಟಲ್ ನಿಯಮ’ ಇದೇ.

ನಮ್ಮ 125 ಎಲೆಯ ಸರ್ವರಿನಲ್ಲಿ ಒಂದು ಕೋರಿಕೆಗೆ ಅರ್ಧ ಸೆಕೆಂಡು ಹಿಡಿದರೆ ಸೆಕೆಂಡಿಗೆ 250 ಕೋರಿಕೆ ಪೂರೈಸಬಹುದು. ಎರಡು ಸೆಕೆಂಡು ಹಿಡಿದರೆ 62 ಮಾತ್ರ. ಪುಟವನ್ನು ಮೊದಲೇ ಸಿದ್ಧಪಡಿಸಿಟ್ಟು ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ 1250! ಹೊಸ ಯಂತ್ರ ಕೊಳ್ಳುವ ಮೊದಲು ಪುಟವನ್ನು ಹಗುರ ಮಾಡಿ ಎಂದು ತಿಳಿದವರು ಹೇಳುವುದು ಇದಕ್ಕೇ.

ಇಲ್ಲೊಂದು ಗುಪ್ತ ಶತ್ರುವಿದೆ. ‘ಕೀಪ್ ಅಲೈವ್’ ಎಂಬ ಏರ್ಪಾಡು. ಒಮ್ಮೆ ಬಂದವನು ಮತ್ತೇನಾದರೂ ಕೇಳಿಯಾನು ಎಂದು ಸಂಪರ್ಕವನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಊಟ ಮುಗಿದು ಕೈ ಒಣಗಿದರೂ ಎಲೆಯ ಮುಂದೆ ಹರಟುತ್ತ ಕುಳಿತ ಅತಿಥಿಯ ಹಾಗೆ! ಅಪಾಚೆಯ 2.0 ಆವೃತ್ತಿಯಲ್ಲಿ ಈ ಕಾಯುವ ಅವಧಿ, ಬೇರೆ ಸೂಚನೆ ಇಲ್ಲದಿದ್ದರೆ, 15 ಸೆಕೆಂಡು. 2.2 ಆವೃತ್ತಿಯಲ್ಲಿ ಅದನ್ನು 5ಕ್ಕೆ ಇಳಿಸಲಾಯಿತು. ಒಬ್ಬೊಬ್ಬರೂ ಒಂದೇ ಪುಟ ನೋಡಿ ಸುಮ್ಮನಾಗುತ್ತಾರೆ ಎಂದಿಟ್ಟುಕೊಂಡರೆ, 15 ಸೆಕೆಂಡಿನ ಲೆಕ್ಕದಲ್ಲಿ ನಮ್ಮ ಸರ್ವರ್ ಸೆಕೆಂಡಿಗೆ ಕೇವಲ 8 ಹೊಸಬರನ್ನು ಒಳಗೆ ಬಿಡಬಲ್ಲದು. 5 ಸೆಕೆಂಡಾದರೆ ಸುಮಾರು 23. ಹರಟೆಯೇ ಬೇಡವೆಂದರೆ 250. ಯಂತ್ರ ಅದೇ, ಮೆಮೊರಿ ಅದೇ. ಬದಲಾಗಿದ್ದು ಒಂದು ಕೋಶದ ಅಂಕಿ ಅಷ್ಟೆ.

ಹಳೆಯ ಪಂಚಾಂಗ

ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಹಬ್ಬ ಮಾಡಲಾಗದು. ಸರ್ವರಿನ ಹಾಳೆಯೂ ಹಾಗೆಯೇ. ಒಬ್ಬರು ಶ್ರಮಪಟ್ಟು ತಯಾರಿಸಿದ ಹಾಳೆ ಕೈಯಿಂದ ಕೈಗೆ ದಾಟುತ್ತದೆ. ಮಾಡಿದವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಹಾಳೆ ಮಾತ್ರ ಉಳಿಯುತ್ತದೆ. ಈ ನಡುವೆ ತಂತ್ರಾಂಶ ಬದಲಾಗಿರುತ್ತದೆ.

ಮೂರು ನಿಜವಾದ ನಿದರ್ಶನಗಳು ಇಲ್ಲಿವೆ. ಒಂದು, 2012ರಲ್ಲಿ ಬಂದ ಅಪಾಚೆ 2.4ರಲ್ಲಿ ‘ಮ್ಯಾಕ್ಸ್ ಕ್ಲೈಂಟ್ಸ್’ ಎಂಬ ಮಿತಿಗೆ ‘ಮ್ಯಾಕ್ಸ್ ರಿಕ್ವೆಸ್ಟ್ ವರ್ಕರ್ಸ್’ ಎಂಬ ಹೊಸ ಹೆಸರು ಬಂತು. ಹೆಸರಿಗಿಂತ ದೊಡ್ಡ ಬದಲಾವಣೆ, ‘ಈವೆಂಟ್’ ಎಂಬ ಕಾರ್ಯವಿಧಾನ ಅದರಲ್ಲಿ ಪೂರ್ಣ ಬಳಕೆಗೆ ಬಂದದ್ದು. ಇದರಲ್ಲಿ ಸುಮ್ಮನೆ ಕುಳಿತ ಅತಿಥಿಗೆ ಒಂದು ಇಡೀ ಎಲೆ ಮೀಸಲಿಡಬೇಕಿಲ್ಲ. ಅಂದ ಮೇಲೆ ಹಿಂದಿನ ಪ್ಯಾರಾದ ಲೆಕ್ಕವೇ ಅಲ್ಲಿ ನಡೆಯದು.

ಎರಡು, ಮೈಎಸ್‌ಕ್ಯುಎಲ್ ಎಂಬ ದತ್ತಾಂಶ ಕೋಶ. ಅದರ ಹಳೆಯ ಹಾಳೆಗಳಲ್ಲೆಲ್ಲ ‘ಕ್ವೆರಿ ಕ್ಯಾಶ್’ಗೆ ಎಷ್ಟು ಮೆಮೊರಿ ಎಂಬ ಸಾಲು ಇರುತ್ತಿತ್ತು. 2018ರ 8.0 ಆವೃತ್ತಿಯಲ್ಲಿ ಆ ಏರ್ಪಾಡನ್ನೇ ಕಿತ್ತುಹಾಕಲಾಯಿತು. ಹಳೆಯ ಸಾಲನ್ನು ಹಾಗೆಯೇ ನಕಲು ಮಾಡಿದರೆ, ಇಂಥ ಹೆಸರು ತನಗೆ ಗೊತ್ತೇ ಇಲ್ಲವೆಂದು ಸರ್ವರ್ ಆರಂಭವಾಗಲು ನಿರಾಕರಿಸುತ್ತದೆ. ಇದು ಒಳ್ಳೆಯ ತಪ್ಪು, ತಕ್ಷಣ ಕಾಣಿಸುತ್ತದೆ.

ಮೂರನೆಯದು ಕಳ್ಳ ತಪ್ಪು. ಲಿನಕ್ಸಿನಲ್ಲಿ ‘ಟಿಸಿಪಿ ಟಿಡಬ್ಲ್ಯು ರಿಸೈಕಲ್’ ಎಂಬ ಆಯ್ಕೆ ಇತ್ತು. ಮುಗಿದ ಸಂಪರ್ಕಗಳನ್ನು ಬೇಗ ತೆರವು ಮಾಡುತ್ತದೆಂದು ಇದನ್ನು ಚಾಲೂ ಮಾಡಲು ಬಹಳಷ್ಟು ಜನ ಸಲಹೆ ಕೊಡುತ್ತಿದ್ದರು. ಆದರೆ ಒಂದು ಕಾಲೇಜಿನ ಪ್ರಯೋಗಾಲಯದ ಎಲ್ಲ ಗಣಕಗಳೂ ಹೊರಗಿನ ಜಾಲಕ್ಕೆ ಒಂದೇ ವಿಳಾಸದಿಂದ ಕಾಣಿಸಬಹುದು. ಒಂದೊಂದು ಗಣಕದ ಕಾಲಮುದ್ರೆ ಒಂದೊಂದು ತರಹ. ಸರ್ವರ್ ಅವೆಲ್ಲ ಒಂದೇ ಯಂತ್ರವೆಂದು ತಿಳಿದು, ‘ಗಡಿಯಾರ ಹಿಂದಕ್ಕೆ ಓಡುತ್ತಿದೆ’ ಎಂದು ಕೆಲವರ ಕೋರಿಕೆಯನ್ನು ಸದ್ದಿಲ್ಲದೆ ಎಸೆದುಬಿಡುತ್ತಿತ್ತು. ಪಕ್ಕದ ಮೇಜಿನ ಹುಡುಗಿಗೆ ಪುಟ ತೆರೆಯುತ್ತದೆ, ಇವಳಿಗೆ ತೆರೆಯುವುದಿಲ್ಲ! ಕೊನೆಗೆ 2017ರ ಲಿನಕ್ಸ್ 4.12 ಆವೃತ್ತಿಯಲ್ಲಿ ಈ ಆಯ್ಕೆಯನ್ನೇ ತೆಗೆದುಹಾಕಲಾಯಿತು.

ಸೇರೋ, ಪಾವೋ?

ಅಳತೆಯ ಮಾನದಲ್ಲೂ ಬಲೆಯಿದೆ. ಲಿನಕ್ಸಿನ ‘ಟಿಸಿಪಿ ಆರ್‌ಮೆಮ್’ ಎಂಬ ಮೌಲ್ಯವನ್ನು ಬೈಟುಗಳಲ್ಲಿ ಬರೆಯಬೇಕು. ಅದರ ಅಣ್ಣನಂತಿರುವ ‘ಟಿಸಿಪಿ ಮೆಮ್’ ಅನ್ನು ಪುಟಗಳಲ್ಲಿ ಬರೆಯಬೇಕು. ಸಾಮಾನ್ಯ ಯಂತ್ರಗಳಲ್ಲಿ ಒಂದು ಪುಟವೆಂದರೆ 4096 ಬೈಟು. ಎರಡೂ ಒಂದೇ ಎಂದು ಹಾಳೆಯಲ್ಲಿ ಬರೆದವನು ನಾಲ್ಕು ಸಾವಿರ ಪಟ್ಟು ತಪ್ಪುತ್ತಾನೆ. ಭೌತಶಾಸ್ತ್ರದ ಮೇಷ್ಟ್ರು ‘ಮಾನ ಬರೆಯದಿದ್ದರೆ ಅಂಕವಿಲ್ಲ’ ಎನ್ನುವುದು ಸುಮ್ಮನೆ ಅಲ್ಲ.

ಸ್ಪ್ರೆಡ್‌ಶೀಟಿನ ತಪ್ಪು ಜಾಲದ ಕೋಣೆಯಲ್ಲಷ್ಟೇ ನಡೆಯುವುದಿಲ್ಲ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಿಕ ವರದಿಯಿಂದ ಬಿಟ್ಟುಹೋದವು. ಹಾಳೆಯನ್ನು ಎಕ್ಸೆಲ್‌ನ ಹಳೆಯ ಕಡತ ರೂಪದಲ್ಲಿ ಇಟ್ಟದ್ದೇ ಕಾರಣ. ಅದರಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತಿದ್ದವು. 2007ರಲ್ಲೇ ಆ ಮಿತಿ 10,48,576ಕ್ಕೆ ಏರಿತ್ತು. ಬಿಟ್ಟುಹೋದವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಹಾಳೆ ನವೀಕರಿಸದಿದ್ದರೆ ಜನರ ಆರೋಗ್ಯಕ್ಕೂ ಕುತ್ತು.

ವಿದ್ಯಾರ್ಥಿಗಳು ನೆನಪಿಡಬೇಕಾದ ಇನ್ನೊಂದು ಪ್ರಸಂಗವಿದೆ. ದೇಶಗಳ ಸಾಲಕ್ಕೂ ಬೆಳವಣಿಗೆಗೂ ಇರುವ ಸಂಬಂಧದ ಬಗ್ಗೆ ಹಾರ್ವರ್ಡಿನ ಇಬ್ಬರು ಖ್ಯಾತ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕವನ್ನು ಮತ್ತೆ ಮಾಡಹೊರಟ. ಉತ್ತರ ಹೊಂದಲಿಲ್ಲ. ಮೂಲ ಹಾಳೆಯನ್ನೇ ತರಿಸಿ ನೋಡಿದಾಗ, ಸರಾಸರಿ ತೆಗೆಯುವ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಸೇರಿರಲೇ ಇಲ್ಲ! 2013ರಲ್ಲಿ ತನ್ನ ಅಧ್ಯಾಪಕರೊಡನೆ ಆತ ಇದನ್ನು ಪ್ರಕಟಿಸಿದ. ವಿಧಾನದ ಬಗ್ಗೆ ಇತರ ಆಕ್ಷೇಪಗಳೂ ಅದರಲ್ಲಿದ್ದವು. ಪ್ರಬಂಧದ ಮೂಲ ವಾದವನ್ನು ಸಮರ್ಥಿಸಿಕೊಂಡರೂ ಸೂತ್ರದ ತಪ್ಪನ್ನು ಆ ವಿದ್ವಾಂಸರು ಒಪ್ಪಿಕೊಂಡರು.

ಒಳ್ಳೆಯ ಹಾಳೆಯ ಲಕ್ಷಣ

ಹಾಗಾದರೆ ಹಳೆಯ ಹಾಳೆಯನ್ನು ತಿದ್ದುವುದು ಹೇಗೆ? ಅನುಭವಿಗಳು ಪಾಲಿಸುವ ಕ್ರಮ ಸರಳವಾಗಿದೆ.

ಮೊದಲು ಮೂಲದ ಒಂದು ಪ್ರತಿ ತೆಗೆದಿಡಬೇಕು. ಯಾವ ತಂತ್ರಾಂಶದ ಯಾವ ಆವೃತ್ತಿಗೆ ಈ ಹಾಳೆ, ತಿದ್ದಿದ ದಿನಾಂಕ ಯಾವುದು ಎಂಬುದು ಮೇಲಿನ ಸಾಲಿನಲ್ಲೇ ಇರಬೇಕು. ಅಳೆದು ತಂದ ಅಂಕಿ ಒಂದು ಕಡೆ, ಊಹೆ ಇನ್ನೊಂದು ಕಡೆ, ಲೆಕ್ಕದಿಂದ ಬಂದ ಉತ್ತರ ಮತ್ತೊಂದು ಕಡೆ ಇರಲಿ. ‘40’ ಎಂಬ ಅಂಕಿಯನ್ನು ಸೂತ್ರದ ಹೊಟ್ಟೆಯೊಳಗೆ ಹುದುಗಿಸದೆ ಪ್ರತ್ಯೇಕ ಕೋಶದಲ್ಲಿಟ್ಟು, ಪಕ್ಕದಲ್ಲಿ ಅದರ ಮಾನ ಬರೆಯಬೇಕು. ಪ್ರತಿ ಸಾಲನ್ನೂ ಹೊಸ ಆವೃತ್ತಿಯ ಕೈಪಿಡಿಯೊಂದಿಗೆ ಹೋಲಿಸಿ, ಆ ಆಯ್ಕೆ ಇನ್ನೂ ಇದೆಯೇ, ಅರ್ಥ ಬದಲಾಗಿದೆಯೇ ಎಂದು ನೋಡಬೇಕು. ಕೊನೆಯಲ್ಲಿ ಒಂದು ತಾಳೆಯ ಸಾಲು: ಎಲ್ಲ ಬೇಡಿಕೆಗಳ ಮೊತ್ತ ಇರುವ ಮೆಮೊರಿಯನ್ನು ಮೀರಿದರೆ ಕೋಶ ಕೆಂಪಾಗಲಿ.

ಹಾಳೆ ಸರಿಹೋಯಿತೆಂದು ಉತ್ತರವನ್ನು ನೇರವಾಗಿ ಸರ್ವರಿಗೆ ತುಂಬಬಾರದು. ಪರೀಕ್ಷಾ ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಮೌಲ್ಯ ಬದಲಿಸಿ, ಕೃತಕವಾಗಿ ಜನಜಂಗುಳಿ ಸೃಷ್ಟಿಸಿ ನೋಡಬೇಕು. ಅಂಥ ಒಂದು ಪುಟ್ಟ ಸಾಧನ ಅಪಾಚೆಯ ಜೊತೆಗೇ ಬರುತ್ತದೆ. ಹಾಳೆ ಹೇಳಿದ್ದೂ ಯಂತ್ರ ತೋರಿಸಿದ್ದೂ ಬೇರೆಯಾದರೆ ಯಂತ್ರದ ಮಾತೇ ಸತ್ಯ, ಹಾಳೆಯನ್ನು ತಿದ್ದಬೇಕು.

ಪಾಲಕರಿಗೆ ಒಂದು ಮಾತು

ಮಕ್ಕಳನ್ನು ಕಂಪ್ಯೂಟರ್ ತರಗತಿಗೆ ಸೇರಿಸುವಾಗ ‘ಎಕ್ಸೆಲ್ ಕಲಿಸುತ್ತೀರಾ?’ ಎಂದು ಕೇಳುವವರೇ ಹೆಚ್ಚು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ಎರಡು ವಾರದಲ್ಲಿ ಕಲಿತುಬಿಡುತ್ತಾರೆ. ಬಂದ ಉತ್ತರವನ್ನು ಅನುಮಾನಿಸಲು ಕಲಿಸುತ್ತೀರಾ ಎಂದು ಕೇಳುವುದು ಮೇಲು. ಇದಕ್ಕೆ ದುಬಾರಿ ಸಾಮಗ್ರಿಯೂ ಬೇಡ. ಲಿನಕ್ಸ್, ಅಪಾಚೆ, ಲಿಬ್ರೆ ಆಫೀಸಿನ ಸ್ಪ್ರೆಡ್‌ಶೀಟ್ ಎಲ್ಲವೂ ಉಚಿತ. ಮನೆಯ ಹಳೆಯ ಗಣಕವೇ ಸರ್ವರಾದೀತು.

ಅದೂ ಇಲ್ಲವೆನ್ನುವವರು ಶಾಲೆಯ ಕುಡಿಯುವ ನೀರಿನ ನಲ್ಲಿಯಿಂದಲೇ ಆರಂಭಿಸಬಹುದು. ಹದಿನೈದು ನಿಮಿಷದ ಬಿಡುವು, 600 ಮಕ್ಕಳು, ಒಬ್ಬರಿಗೆ 20 ಸೆಕೆಂಡು. ಲಿಟಲ್ ನಿಯಮದ ಪ್ರಕಾರ ಎಷ್ಟು ನಲ್ಲಿ ಬೇಕು? ಉತ್ತರ 13.3, ಅಂದರೆ 14. ಮಕ್ಕಳೆಲ್ಲ ಬಿಡುವಿನುದ್ದಕ್ಕೂ ಸಮನಾಗಿ ಹಂಚಿಕೊಂಡು ಬಂದರೆ ಮಾತ್ರ ಈ ಲೆಕ್ಕ ಸರಿ. ಗಂಟೆ ಹೊಡೆದೊಡನೆ ಎಲ್ಲರೂ ಒಟ್ಟಿಗೆ ಓಡಿ ಬರುತ್ತಾರಲ್ಲ, ಆಗ? ಅಲ್ಲಿಂದ ಮುಂದಿನ ಲೆಕ್ಕವನ್ನು ಮಕ್ಕಳೇ ನಲ್ಲಿಯ ಪಕ್ಕ ನಿಂತು, ಗಡಿಯಾರ ಹಿಡಿದು, ಎಣಿಸಿ ಮಾಡಲಿ.