ಬಿಸಿನೀರಿನ ಬುಗ್ಗೆಯಿಂದ ಕರೆಂಟು ಬಂದೀತೆ?

ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ, ಸೀರೆ ಹೊಳೆಯ ದಂಡೆಗೆ ಬೆಂದ್ರ್ ತೀರ್ಥ ಇದೆ. ಕೈಯಿಟ್ಟರೆ ಮೀಯಲು ಹದವಾದ ಬಿಸಿ: 37ರಿಂದ 40 ಡಿಗ್ರಿ ಸೆಲ್ಸಿಯಸ್. ಬೆಳ್ತಂಗಡಿ ತಾಲ್ಲೂಕಿನ ಬಂದಾರಿನಲ್ಲೂ ಇಂಥ ಬುಗ್ಗೆಯಿದೆ. ನೆಲವೇ ನೀರು ಕಾಯಿಸಿ ಕೊಡುವಾಗ ಅದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಿಗೆ ಬೆಳಕು ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಭೂಶಾಖದಿಂದ ವಿದ್ಯುತ್ ತೆಗೆಯುವುದು ಹೊಸತೇನಲ್ಲ. ಇಟಲಿಯ ಲಾರ್ದೆರೆಲ್ಲೋದಲ್ಲಿ 1904ರಲ್ಲೇ ನೆಲದಿಂದ ಚಿಮ್ಮುವ ಹಬೆಯಿಂದ ಐದು ಬಲ್ಬು ಉರಿಸಿ ತೋರಿಸಿದ್ದರು. ಹಬೆ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ಜನರೇಟರನ್ನು ತಿರುಗಿಸುತ್ತದೆ. ನೀರು ಹಬೆಯಾಗುವಷ್ಟು ಬಿಸಿ ಇಲ್ಲದಿದ್ದರೆ ಬೇಗ ಕುದಿಯುವ ಬೇರೆ ದ್ರವವನ್ನು ಆ ನೀರಿನಿಂದ ಕಾಯಿಸಿ, ಅದರ ಆವಿಯಿಂದ ಟರ್ಬೈನ್ ತಿರುಗಿಸಬಹುದು. ಅಲಾಸ್ಕಾದ ಚೇನಾದಲ್ಲಿ 2006ರಿಂದ 74 ಡಿಗ್ರಿಯ ನೀರು ಹೀಗೆ ದುಡಿಯುತ್ತಿದೆ. ಅಲ್ಲಿ ಆವಿಯನ್ನು ಮತ್ತೆ ದ್ರವ ಮಾಡಲು ಕೊರೆಯುವ ತಣ್ಣೀರು ಕೈಗೆಟುಕುವಂತಿದೆ. ಕರೆಂಟು ಹುಟ್ಟುವುದು ಬರೀ ಬಿಸಿಯಿಂದಲ್ಲ, ಬಿಸಿ ಮತ್ತು ತಂಪಿನ ಅಂತರದಿಂದ.

ನಮ್ಮ ತೊಡಕು ಇಲ್ಲೇ. ಕಾಲಡಿಯ ಶಾಖ ಎಷ್ಟೆಂದು ತಿಳಿಯಲು ಕರ್ನಾಟಕಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಥರ್ಮಾಮೀಟರ್ ಇಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಮೇಲಿನಿಂದ ತಂಪು ಗಾಳಿ ಇಳಿಸದೆ ಕೆಲಸ ಸಾಗುತ್ತಿರಲಿಲ್ಲ. ಮನುಷ್ಯನಿಗೆ ಅದು ಬೇಗೆ. ಭೂವಿಜ್ಞಾನಿಯ ಕಣ್ಣಿಗೆ ಮಾತ್ರ ಅದು ತಣ್ಣಗಿನ ನೆಲ: ಕಿಲೋಮೀಟರಿಗೆ ಏರಿದ್ದು ಹನ್ನೆರಡು ಡಿಗ್ರಿಯಷ್ಟೇ. ಭೂಖಂಡಗಳಲ್ಲಿ ಸಾಮಾನ್ಯವಾಗಿ ಇದು 25ರಿಂದ 30 ಡಿಗ್ರಿ ಇರುತ್ತದೆ. ದಕ್ಷಿಣ ಭಾರತದ ತಳಬಂಡೆ ಕೋಟಿಗಟ್ಟಲೆ ವರ್ಷಗಳಿಂದ ಆರುತ್ತ ಬಂದದ್ದು. ಇತ್ತ ನಮ್ಮ ಮುರಕಲ್ಲಿನ ಅಡಿಯಲ್ಲೂ ಹಳೆಯ ಗಟ್ಟಿ ಬಂಡೆಯೇ ಇದೆ. ಬೆಳ್ತಂಗಡಿಯ ಗಡಾಯಿಕಲ್ಲು ಮೇಲೆದ್ದು ನಿಂತು ತೋರಿಸುವುದೂ ಅದನ್ನೇ.

ಹಾಗಾದರೆ ಬೆಂದ್ರ್ ತೀರ್ಥ ಬಿಸಿಯಾದದ್ದು ಹೇಗೆ? ಜ್ವಾಲಾಮುಖಿಯ ನಂಟೇನೂ ಇಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು, ಕಾದು, ಬೇರೊಂದು ಬಿರುಕಿನಲ್ಲಿ ತಣಿಯುವ ಮುನ್ನ ಮೇಲೇರುತ್ತದೆ. ಕೋಲಾರದ ಲೆಕ್ಕ ಇಲ್ಲಿಗೂ ಹೊಂದುವುದಾದರೆ ಒಂದು ಕಿಲೋಮೀಟರ್ ಆಳ ಸಾಕು.

ಈಗ ಕರೆಂಟಿನ ಲೆಕ್ಕ. 40 ಡಿಗ್ರಿಯ ನೀರು, 28 ಡಿಗ್ರಿಯ ಪರಿಸರ. ಯಂತ್ರ ಎಷ್ಟೇ ಜಾಣತನದ್ದಾದರೂ ಈ ಅಂತರದಲ್ಲಿ ಶಾಖದ ನೂರಕ್ಕೆ ನಾಲ್ಕು ಪಾಲೂ ವಿದ್ಯುತ್ ಆಗದು. ಅದು ಭೌತವಿಜ್ಞಾನ ಹಾಕಿದ ಮಿತಿ. ನಿಜದಲ್ಲಿ ಒಂದು ಪಾಲು ಸಿಕ್ಕರೆ ಪುಣ್ಯ. ಒಂದು ಲೀಟರ್ ನೀರನ್ನು ಐದು ಡಿಗ್ರಿ ತಣಿಸಿದರೆ 21 ಕಿಲೋಜೂಲ್ ಶಾಖ ಬರುತ್ತದೆ. ಅದರಲ್ಲಿ ವಿದ್ಯುತ್ತಾಗುವುದು 200 ಜೂಲ್ ಚಿಲ್ಲರೆ. ಪಂಪು ಓಡಿಸಲು ಅದರಲ್ಲೇ ಕೊಡಬೇಕು.

ಲಡಾಖಿನ ಪೂಗಾದಲ್ಲಿ ನೀರು ಕುದಿಯುತ್ತಲೇ ಹೊರಬರುತ್ತದೆ. ಅಲ್ಲಿ ಒಂದು ಮೆಗಾವಾಟಿನ ಪ್ರಾಯೋಗಿಕ ಸ್ಥಾವರಕ್ಕೆ ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು. ಭಾರತದಲ್ಲಿ ಭೂಶಾಖಕ್ಕೆ ಹಣ ಹಾಕುವುದಾದರೆ ಅಂಥ ಕಡೆಯೇ ಹಾಕಬೇಕು. ಇರ್ದೆಯಲ್ಲಿ ಆಳಕ್ಕೆ ಕೊರೆಯುವ ಮಾತು ಬಂದರೆ ನಾನು ಬೇಡವೆಂದೇ ಹೇಳುತ್ತೇನೆ. ಬಿರುಕಿನ ದಾರಿ ಒಮ್ಮೆ ತಪ್ಪಿದರೆ ಇರುವ ಬುಗ್ಗೆಯೂ ಹೋದೀತು.

ಮೇಲಿನ ಲೆಕ್ಕವನ್ನೇ ಇನ್ನೊಂದು ಕಡೆಯಿಂದ ನೋಡಿ. ಅದೇ ಒಂದು ಲೀಟರ್ ನೀರು 40 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದು ಸಣ್ಣ ಟರ್ಬೈನಿಗೆ ಬಡಿದರೂ ಸುಮಾರು 200 ಜೂಲ್ ವಿದ್ಯುತ್ ಸಿಗುತ್ತದೆ, ಕೊರೆಯುವ ಖರ್ಚಿಲ್ಲದೆ. ಕೋಲಾರದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದೂ ಬೀಳುವ ನೀರಿನಿಂದಲೇ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ತೋಡಿನ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ಮಳೆಗಾಲವಿಡೀ ಮನೆ ಬೆಳಗಿಸಿಕೊಳ್ಳುವ ಕೃಷಿಕರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.